ಆಲೂಗಡ್ಡೆ ಕಾಂಡ, ಗೆಣಸು ಬೇರು: ಮಕ್ಕಳ ಕೈಗೆ ಕೊಡಬಹುದಾದ ಖಚಿತ ಗುರುತು ಯಾವುದು?

ಹಿತ್ತಲಪಾಠ

ಎಂಟರಿಂದ ಹತ್ತನೇ ತರಗತಿಯವರೆಗಿನ ಮಕ್ಕಳಿಗೆ ಜೀವಶಾಸ್ತ್ರದ ಮೂಲಪದಗಳನ್ನು ಸಂತೆಯ ಚೀಲದಲ್ಲಿ, ಶಾಲೆಯ ಅಂಗಳದಲ್ಲಿ ಸಿಗುವ ವಸ್ತುಗಳಿಂದಲೇ ತೋರಿಸುವ ಪಾಠಗಳನ್ನು ಸಿದ್ಧಪಡಿಸುತ್ತಿದ್ದೇನೆ. ಮೊದಲ ತೊಡಕು ಗೆಡ್ಡೆಗಳದೇ. ಆಲೂಗಡ್ಡೆ ಕಾಂಡ, ಗೆಣಸು ಬೇರು ಎಂದು ಪುಸ್ತಕ ಹೇಳುತ್ತದೆ. ಎರಡೂ ಮಣ್ಣಿನೊಳಗೆ ಬೆಳೆಯುತ್ತವೆ, ಎರಡರಲ್ಲೂ ಪಿಷ್ಟ ಇದೆ, ಮೂಲೆಯಲ್ಲಿಟ್ಟರೆ ಎರಡೂ ಚಿಗುರುತ್ತವೆ. "ಚಿಗುರಿದರೆ ಕಾಂಡ" ಎಂದು ಹೇಳಿಕೊಟ್ಟರೆ ಗೆಣಸು ಆ ನಿಯಮವನ್ನೇ ಕೆಡಿಸುತ್ತದೆ. ಕಣ್ಣಿಂದ ನೋಡಿ, ಚಾಕುವಿನಿಂದ ಕತ್ತರಿಸಿ ತೀರ್ಮಾನಿಸಬಹುದಾದ ಗುರುತು ಬೇಕು. ಇರುವ ಸಲಕರಣೆ ಒಂದು ಭೂತಗನ್ನಡಿ ಮತ್ತು ನೂರು ಪಟ್ಟು ಹಿಗ್ಗಿಸುವ ಒಂದು ಸೂಕ್ಷ್ಮದರ್ಶಕ.

ಗೆಡ್ಡೆಗೆಣಸು

ಚಿಗುರು ಬಂತೋ ಇಲ್ಲವೋ ಎಂಬುದನ್ನು ಬಿಟ್ಟು, ಎಲ್ಲಿಂದ ಬಂತು ಎಂಬುದನ್ನು ನೋಡಿಸಿ. ಕಾಂಡದಲ್ಲಿ ಗೆಣ್ಣು ಇರುತ್ತದೆ, ಗೆಣ್ಣಿನಲ್ಲಿ ಎಲೆ ಅಥವಾ ಎಲೆ ಉದುರಿದ ಗುರುತು ಇರುತ್ತದೆ, ಆ ಎಲೆಯ ಕಂಕುಳಲ್ಲಿ, ಅಂದರೆ ಎಲೆ ಕಾಂಡಕ್ಕೆ ಸೇರುವ ಮೂಲೆಯಲ್ಲಿ, ಮೊಗ್ಗು ಇರುತ್ತದೆ. ಬೇರಿನಲ್ಲಿ ಈ ಮೂರೂ ಇರುವುದಿಲ್ಲ.

ಒಂದು ದೊಡ್ಡ ಆಲೂಗಡ್ಡೆಯನ್ನು ತೊಳೆದು ಭೂತಗನ್ನಡಿಯಲ್ಲಿ ಅದರ ಕಣ್ಣು ನೋಡಿ. ಪ್ರತಿ ಕಣ್ಣಿನ ಒಂದು ಅಂಚಿನಲ್ಲಿ ಹುಬ್ಬಿನಂಥ ಸಣ್ಣ ಗೆರೆ ಕಾಣುತ್ತದೆ. ಅದು ಪೊರೆಯಂಥ ಎಲೆ ಉದುರಿದ ಗುರುತು, ಒಳಗಿನ ಚುಕ್ಕೆಗಳು ಕಂಕುಳ ಮೊಗ್ಗುಗಳು. ಈಗ ಎಲ್ಲ ಕಣ್ಣುಗಳಿಗೂ ಗುಂಡುಸೂಜಿ ಚುಚ್ಚಿ, ಬಳ್ಳಿಗೆ ಅಂಟಿದ್ದ ತುದಿಯಿಂದ ಆರಂಭಿಸಿ ಸೂಜಿಯಿಂದ ಸೂಜಿಗೆ ದಾರ ಸುತ್ತಿಸಿ. ದಾರ ಸುರುಳಿಯಾಗಿ ಮೇಲಕ್ಕೆ ಹೋಗುತ್ತದೆ, ಇನ್ನೊಂದು ತುದಿಯಲ್ಲಿ ಕಣ್ಣುಗಳು ಒತ್ತೊತ್ತಾಗುತ್ತವೆ. ಕೊಂಬೆಯ ಮೇಲೆ ಎಲೆಗಳು ಜೋಡಿಕೊಳ್ಳುವ ಕ್ರಮವೂ ಇದೇ.

ಗೆಣಸಿನಲ್ಲಿ ಈ ಕ್ರಮ ಸಿಗುವುದಿಲ್ಲ. ಮೈಮೇಲೆ ಉದ್ದಕ್ಕೆ ಸಾಲಾಗಿ ಸಣ್ಣ ಕುಳಿಗಳಿರುತ್ತವೆ, ಅವು ಕವಲುಬೇರು ಹೊರಟ ಜಾಗ. ಚಿಗುರು ಬಳ್ಳಿಗೆ ಅಂಟಿದ್ದ ತುದಿಯಲ್ಲೇ ಹೆಚ್ಚಾಗಿ, ಗುಂಪಾಗಿ, ಎಲೆಗುರುತಿನ ಹಂಗಿಲ್ಲದೆ ಏಳುತ್ತದೆ. ಇವು ಆಗಂತುಕ ಮೊಗ್ಗುಗಳು, ಅಂದರೆ ಮೊದಲೇ ಅಲ್ಲಿ ಇರದೆ ಆಮೇಲೆ ಹುಟ್ಟಿಕೊಂಡವು. ಅಡ್ಡ ಕತ್ತರಿಸಿದರೆ ಗೆಣಸಿನಲ್ಲಿ ಹಾಲಿನಂಥ ದ್ರವ ಜಿನುಗುತ್ತದೆ. ಆಲೂಗಡ್ಡೆಯಲ್ಲಿ ಅದಿಲ್ಲ, ಸಿಪ್ಪೆಯಿಂದ ಕೆಲವು ಮಿಲಿಮೀಟರ್ ಒಳಗೆ ನಾಳಗಳ ಉಂಗುರ ಕಾಣುತ್ತದೆ.

ರೈತರು ನಾಟಿ ಮಾಡುವ ರೀತಿಯಲ್ಲೂ ಈ ವ್ಯತ್ಯಾಸವಿದೆ. ಹಾಸನದ ಕಡೆ ಆಲೂಗಡ್ಡೆ ಬಿತ್ತುವಾಗ ತುಂಡಿಗೆ ಕನಿಷ್ಠ ಒಂದೆರಡು ಕಣ್ಣು ಇರುವಂತೆ ಕತ್ತರಿಸುತ್ತಾರೆ. ಗೆಣಸಿಗೆ 20–30 ಸೆಂ.ಮೀ. ಉದ್ದದ ಬಳ್ಳಿ ನೆಡುತ್ತಾರೆ. ಮರಗೆಣಸಿಗೂ ಕಾಂಡದ ತುಂಡೇ ಬೇಕು.

ಹಿತ್ತಲಪಾಠ

ಕಣ್ಣಿರುವ ತುಂಡು, ಕಣ್ಣಿಲ್ಲದ ತುಂಡು ಎರಡನ್ನೂ ನೆಟ್ಟು ಹೋಲಿಸಿದರೆ ಹೇಗೆ? ಎಷ್ಟು ದಿನ ಹಿಡಿಯುತ್ತದೆ?

ಗೆಡ್ಡೆಗೆಣಸು

ಒಳ್ಳೆಯ ಪ್ರಯೋಗ, ಆದರೆ ಹೊಸದಾಗಿ ಅಗೆದ ಆಲೂಗಡ್ಡೆ ತರಬೇಡಿ. ಅಗೆದ ಮೇಲೆ ಅದು ಸುಮಾರು ಎರಡು ಮೂರು ತಿಂಗಳು ಸುಪ್ತಾವಸ್ಥೆಯಲ್ಲಿರುತ್ತದೆ. ಆಗ ಕಣ್ಣಿರುವ ತುಂಡೂ ಚಿಗುರದೆ ಪ್ರಯೋಗ ವ್ಯರ್ಥವಾಗುತ್ತದೆ. ಕಣ್ಣು ಆಗಲೇ ಸ್ವಲ್ಪ ಉಬ್ಬಿರುವ ಹಳೆಯ ಆಲೂಗಡ್ಡೆ ಆರಿಸಿ. ಕತ್ತರಿಸಿದ ತುಂಡುಗಳನ್ನು ಒಂದು ದಿನ ನೆರಳಲ್ಲಿ ಒಣಗಲು ಬಿಡಿ. ಕತ್ತರಿಸಿದ ಮುಖ ಬಿರುಸಾಗದಿದ್ದರೆ ಮರಳಿನಲ್ಲಿ ಕೊಳೆಯುತ್ತದೆ. ತೇವದ ಮರಳಲ್ಲಿ 3–4 ಸೆಂ.ಮೀ. ಆಳಕ್ಕೆ ಹೂಳಿ, ಎರಡು ಮೂರು ವಾರ ಸಾಕು.

ಜೊತೆಗೆ ಕ್ಯಾರೆಟ್ ಅನ್ನು ಮೂರು ತುಂಡು ಮಾಡಿ ಇಡಿ. ಎಲೆ ಕತ್ತರಿಸಿದ ತಲೆಭಾಗ ಮಾತ್ರ ಎಲೆ ಬಿಡುತ್ತದೆ. ಆ ತಲೆಯಲ್ಲಿ ಬೆರಳಗಲಕ್ಕಿಂತ ಕಡಿಮೆ ಎತ್ತರದ ಕುಬ್ಜ ಕಾಂಡವೊಂದು ಉಳಿದಿರುತ್ತದೆ. ಕೆಳಗಿನ ಎರಡು ತುಂಡು ಬೇರು, ಅವು ಎಲೆ ಬಿಡುವುದಿಲ್ಲ.

ಬೆಳಕಿಗೆ ಹಸಿರಾಗುವುದನ್ನು ಕಾಂಡದ ಗುರುತು ಎಂದು ಹೇಳಿಕೊಡುವವರಿದ್ದಾರೆ. ಅದು ನಿಲ್ಲುವುದಿಲ್ಲ, ಕ್ಯಾರೆಟ್‌ನ ಭುಜವೂ ಬಿಸಿಲಿಗೆ ಹಸಿರಾಗುತ್ತದೆ. ಹಸಿರಾದ ಆಲೂಗಡ್ಡೆಯಲ್ಲಿ ಸೋಲನಿನ್ ಎಂಬ ವಿಷ ಹೆಚ್ಚಿರುತ್ತದೆ. ಪ್ರಯೋಗ ಮುಗಿದ ಮೇಲೆ ಅದನ್ನು ಯಾರೂ ಅಡುಗೆಗೆ ಒಯ್ಯದಂತೆ ನೋಡಿಕೊಳ್ಳಿ.

ಬಾಳೆದಿಂಡು

ಶುಂಠಿ, ಅರಿಸಿನ ಸುಲಭ. ಮೈಮೇಲಿನ ಉಂಗುರಗಳೇ ಗೆಣ್ಣು, ಅದರ ಮೇಲಿನ ಒಣಪೊರೆಯೇ ಎಲೆ. ಅವು ಅಡ್ಡಕ್ಕೆ ಬೆಳೆಯುವ ಕಾಂಡ, ರೈಝೋಮ್. ಸುವರ್ಣಗೆಡ್ಡೆಯಲ್ಲಿ ನಡುವೆ ಒಂದೇ ಮುಖ್ಯ ಮೊಗ್ಗು ಇರುವುದರಿಂದ ಬೀಜದ ತುಂಡು ಮಾಡುವಾಗ ಪ್ರತಿ ಹೋಳಿಗೂ ಆ ನಡುಮೊಗ್ಗಿನ ಪಾಲು ಸಿಗುವಂತೆ ಸೀಳುತ್ತಾರೆ. ಈರುಳ್ಳಿಯನ್ನು ಉದ್ದಕ್ಕೆ ಸೀಳಿದರೆ ಕೆಳಗಿನ ಗಟ್ಟಿ ಬಿಲ್ಲೆ ಕಾಂಡ, ಪದರಗಳು ಎಲೆಯ ಬುಡಗಳು. ಬೆಳ್ಳುಳ್ಳಿಯ ಒಂದೊಂದು ಎಸಳೂ ಒಂದೊಂದು ಕಂಕುಳ ಮೊಗ್ಗು.

ಮಕ್ಕಳು ನಿಜವಾಗಿ ಎಡವುವುದು ಬಾಳೆಯಲ್ಲಿ. ಹೊರಗೆ ಕಾಣುವ ದಪ್ಪ "ಕಂಬ" ಕಾಂಡವೇ ಅಲ್ಲ, ಒಂದರೊಳಗೊಂದು ಸುತ್ತಿಕೊಂಡ ಎಲೆಬುಡಗಳ ಹುಸಿಕಾಂಡ. ನಿಜವಾದ ಕಾಂಡ ಮಣ್ಣಿನೊಳಗಿನ ಗೆಡ್ಡೆ. ಕಂದುಗಳು (ಮರಿಗಿಡಗಳು) ಏಳುವುದು ಅದರ ಮೊಗ್ಗುಗಳಿಂದ. ಹಾಗಾದರೆ ನಾವು ಪಲ್ಯಕ್ಕೆ ಕತ್ತರಿಸುವ ದಿಂಡು? ಹೂ ಬಿಡುವ ಹೊತ್ತಿಗೆ ಗೆಡ್ಡೆಯ ತುದಿ ಹುಸಿಕಾಂಡದ ನಡುವೆ ಮೇಲಕ್ಕೆ ತಳ್ಳುವ ಹೂಕಾಂಡ ಅದು. ಆದ್ದರಿಂದಲೇ ಗೊನೆ ಹಾಕದ ಗಿಡ ಕಡಿದರೆ ದಿಂಡು ಸಿಗುವುದಿಲ್ಲ, ನಡುವೆ ಸುರುಳಿ ಎಲೆಯಷ್ಟೇ ಇರುತ್ತದೆ. ಗೊನೆ ಕೊಯ್ದ ಗಿಡ ಮತ್ತು ಹೂ ಬಿಡದ ಗಿಡ ಎರಡರ ಅಡ್ಡ ಹೋಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಹೆಚ್ಚು ಮಾತೇ ಬೇಡ. ಬಾಳೆಯ ಸೊನೆ ಬಟ್ಟೆಗೆ ತಾಗಿದರೆ ಹೋಗದು, ಹಳೆಯ ಬಟ್ಟೆ ಹೊದಿಸಿ.

ಕರಿಬೇವು

ಮೊಗ್ಗಿನ ನಿಯಮ ಎಲೆಗೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ಒಗ್ಗರಣೆಗೆ ಬಿಡಿಸಿ ಹಾಕುವ ಕರಿಬೇವಿನ "ಎಲೆ" ವಾಸ್ತವದಲ್ಲಿ ಕಿರುಎಲೆ. ಇಡೀ ಕಡ್ಡಿ ಒಂದು ಸಂಯುಕ್ತ ಎಲೆ. ಕಡ್ಡಿ ಕೊಂಬೆಗೆ ಸೇರುವ ಜಾಗದಲ್ಲಿ ಮೊಗ್ಗು ಇದೆ, ಕಿರುಎಲೆ ಕಡ್ಡಿಗೆ ಸೇರುವ ಜಾಗದಲ್ಲಿ ಇಲ್ಲ. ಸಂತೆಯಲ್ಲಿ ಕೊಳ್ಳುವ ಕಟ್ಟಿನಲ್ಲಿ ಈ ಬುಡಭಾಗ ಕಿತ್ತುಹೋಗಿರುತ್ತದೆ, ಗಿಡದ ಮೇಲೆಯೇ ತೋರಿಸಬೇಕು. ಬೇವು, ಹುಣಸೆ ಹೀಗೆಯೇ. ನುಗ್ಗೆಯಲ್ಲಿ ಎಲೆ ಮೂರು ಸಲ ಕವಲೊಡೆದಿರುತ್ತದೆ, ಮೊಳದುದ್ದದ ಇಡೀ ಗರಿ ಒಂದೇ ಎಲೆ.

ಇದೇ ಉಸಿರಿನಲ್ಲಿ ಬೆಟ್ಟದ ನೆಲ್ಲಿಯನ್ನು ಸಂಯುಕ್ತ ಎಲೆಗೆ ಉದಾಹರಣೆ ಮಾಡುವ ತಪ್ಪು ಬಹಳ ಕಡೆ ಇದೆ. ನೋಡಲು ಹುಣಸೆಯ ಗರಿಯಂತೆಯೇ ಇದೆ, ನಿಜ. ಆದರೆ ಹೂ ಬಿಡುವ ಕಾಲದಲ್ಲಿ ನೋಡಿ: ಪ್ರತಿ ಪುಟ್ಟ ಎಲೆಯ ಕಂಕುಳಲ್ಲಿ ಹೂ, ಆಮೇಲೆ ಅಲ್ಲೇ ಕಾಯಿ. ಎಲೆಯ ಮೇಲೆ ಕಾಯಿ ಬಿಡುವುದಿಲ್ಲ. ಆ ಕಡ್ಡಿ ಉದುರಿಹೋಗುವ ಸಣ್ಣ ಕೊಂಬೆ, ಅದರ ಮೇಲಿರುವವು ಸರಳ ಎಲೆಗಳು. ಕಿರುನೆಲ್ಲಿ ಅಂಗಳದ ಕಳೆಯಾಗಿ ಎಲ್ಲೆಲ್ಲೂ ಸಿಗುತ್ತದೆ, ಅದರ ಎಲೆಗಳ ಅಡಿಯಲ್ಲಿ ಸಾಲಾಗಿ ತೂಗುವ ಕಾಯಿಗಳೇ ಸಾಕ್ಷಿ.

ಗೆಡ್ಡೆಗೆಣಸು

ನೆಲ್ಲಿಯ ಉದಾಹರಣೆ ತರಗತಿಗೆ ಖಂಡಿತ ಬೇಕು. ನಿಯಮ ಉಪಯೋಗಕ್ಕೆ ಬರುವುದೇ ನೋಟ ಮೋಸ ಮಾಡುವ ಇಂಥ ಜಾಗದಲ್ಲಿ.

ಮುಳ್ಳಿಗೂ ಇದನ್ನೇ ಹಚ್ಚಿ. ನಿಂಬೆ, ಬೊಗನ್‌ವಿಲ್ಲಾ: ಮುಳ್ಳು ಎಲೆಯ ಕಂಕುಳಲ್ಲಿದೆ, ಹಾಗಾಗಿ ಅದು ಮಾರ್ಪಟ್ಟ ಕೊಂಬೆ. ಬೋರೆ, ಕರಿಜಾಲಿ: ಎಲೆಬುಡದ ಎರಡು ಪಕ್ಕದಲ್ಲಿ ಜೋಡಿಯಾಗಿದೆ, ಹಾಗಾಗಿ ಅದು ಎಲೆಬುಡದ ಉಪಾಂಗ. ಪಾಪಾಸುಕಳ್ಳಿ: ಮುಳ್ಳೇ ಎಲೆ, ಹಸಿರು ಹಲಗೆ ಕಾಂಡ. ಗುಲಾಬಿ, ಬೂರುಗ: ಗೆಣ್ಣು ಎಲ್ಲಿದೆ ಎಂದು ನೋಡದೆ ಮೈತುಂಬ ಎದ್ದಿವೆ. ಅವು ಹೊರಪದರದ ಬೆಳವಣಿಗೆ, ಪಕ್ಕಕ್ಕೆ ಒತ್ತಿದರೆ ಚಕ್ಕೆಯಾಗಿ ಕಳಚುತ್ತವೆ. ನಿಂಬೆಮುಳ್ಳು ಹಾಗೆ ಕಳಚುವುದಿಲ್ಲ, ಒಳಗಿನ ಕಟ್ಟಿಗೆಯ ಜೊತೆ ಸೇರಿಕೊಂಡಿದೆ.

ಪಾಪಾಸುಕಳ್ಳಿಯನ್ನು ಇಕ್ಕಳದಲ್ಲೇ ಹಿಡಿಯಿರಿ. ದೊಡ್ಡ ಮುಳ್ಳಿನ ಬುಡದಲ್ಲಿರುವ ಕೂದಲಿನಂಥ ಸಣ್ಣ ಮುಳ್ಳುಗಳು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ.

ಅಡಿಕೆತೋಟ

ಹಣ್ಣು ಮತ್ತು ಬೀಜದ ಗೊಂದಲ ಗೆಡ್ಡೆಗಿಂತ ಹೆಚ್ಚು. ಅಲ್ಲಿ ಮೊಗ್ಗಿನ ಗುರುತು ಸಾಲದು, ಹೂವಿನ ಯಾವ ಭಾಗ ಏನಾಯಿತು ಎಂದು ಹಿಂಬಾಲಿಸಬೇಕು. ಅಂಡಾಶಯ ಬಲಿತದ್ದು ಹಣ್ಣು, ಅದರೊಳಗಿನ ಅಂಡಕ ಬಲಿತದ್ದು ಬೀಜ. ಟೊಮೆಟೊ, ಬದನೆ, ಮೆಣಸಿನಕಾಯಿ, ಸೌತೆ ಎಲ್ಲವೂ ಈ ಲೆಕ್ಕದಲ್ಲಿ ಹಣ್ಣೇ. ಅಡುಗೆಮನೆಯ ತರಕಾರಿ ಎಂಬ ವಿಂಗಡಣೆಗೂ ಇದಕ್ಕೂ ಜಗಳವಿಲ್ಲ.

ತೆಂಗಿನಕಾಯಿ ಒಂದೇ ಸಾಕು, ಒಂದು ಇಡೀ ತರಗತಿ ನಡೆಸಬಹುದು. ಹೊರಸಿಪ್ಪೆ, ನಾರು, ಚಿಪ್ಪು ಮೂರೂ ಸೇರಿ ಹಣ್ಣಿನ ಗೋಡೆ. ಮಾವಿನಲ್ಲಿ ಸಿಪ್ಪೆ, ತಿರುಳು, ಓಟೆ ಇರುವ ಜಾಗದಲ್ಲೇ ಇವೂ ಇವೆ. ಮಾವಿನಲ್ಲಿ ನಡುಪದರ ರಸಭರಿತವಾಯಿತು, ತೆಂಗಿನಲ್ಲಿ ನಾರಾಯಿತು. ಚಿಪ್ಪಿನೊಳಗೆ ಕೊಬ್ಬರಿಗೆ ಅಂಟಿದ ಕಂದು ಪೊರೆ ಬೀಜಕವಚ. ಎಳನೀರು ದ್ರವರೂಪದ ಭ್ರೂಣಾಹಾರ, ಕೊಬ್ಬರಿ ಗಟ್ಟಿಯಾದ ಭ್ರೂಣಾಹಾರ. ಭ್ರೂಣ ಎಲ್ಲಿ ಎಂದು ಕೇಳಿದರೆ ಮಕ್ಕಳು ನೀರನ್ನೋ ತಿರುಳನ್ನೋ ತೋರಿಸುತ್ತಾರೆ. ಮೂರು ಕಣ್ಣುಗಳಲ್ಲಿ ಕಡ್ಡಿಯಿಂದ ಒತ್ತಿದರೆ ಬಗ್ಗುವುದು ಒಂದೇ. ಆ ಮೆತ್ತನೆಯ ಕಣ್ಣಿನ ಕೆಳಗೆ ಕೊಬ್ಬರಿಯಲ್ಲಿ ಹುದುಗಿದ ಸಣ್ಣ ಗೂಟದಂಥದ್ದೇ ಭ್ರೂಣ. ಕಾಯಿಯನ್ನು ಅಡ್ಡ ಒಡೆದು ಕಣ್ಣಿರುವ ಹೋಳಿನ ಕೊಬ್ಬರಿಯನ್ನು ಹುಷಾರಾಗಿ ಬಿಡಿಸಿದರೆ ಸಿಗುತ್ತದೆ. ಮೊಳೆತ ಕಾಯಿಯೊಳಗೆ ತುಂಬಿಕೊಳ್ಳುವ ಸಿಹಿಯಾದ ಸ್ಪಂಜಿನ ಉಂಡೆ ಆ ಭ್ರೂಣದ ಬೀಜದಳದ ಭಾಗ. ಕೊಬ್ಬರಿಯನ್ನು ಕರಗಿಸಿ ಹೀರಿ ಸಸಿಗೆ ಸಾಗಿಸುವುದು ಅದರ ಕೆಲಸ.

ಅಡಿಕೆಯಲ್ಲಿ ನಾವು ಕತ್ತರಿಸುವುದು ಬೀಜವನ್ನೇ. ಹಣ್ಣಡಿಕೆಯನ್ನು ಅಡಕತ್ತರಿಯಲ್ಲಿ ಅಡ್ಡ ಹೋಳು ಮಾಡಿದಾಗ ಕಾಣುವ ಬಿಳಿ ಭಾಗ ಭ್ರೂಣಾಹಾರ. ಅದರೊಳಕ್ಕೆ ನುಗ್ಗಿದ ಕಂದು ಗೆರೆಗಳು ಬೀಜಕವಚದ ಮಡಿಕೆಗಳು.

ಗೇರಿನಲ್ಲಿ ಎಲ್ಲ ತಲೆಕೆಳಗು. ಕೆಂಪಗೆ ಹಳದಿಯಾಗಿ ರಸ ತುಂಬಿದ "ಹಣ್ಣು" ಉಬ್ಬಿದ ಹೂತೊಟ್ಟು, ಕೆಳಗೆ ತೂಗುವ ಬೂದುಬಣ್ಣದ "ಬೀಜ" ನಿಜವಾದ ಹಣ್ಣು, ಅದರೊಳಗಿನ ಗೋಡಂಬಿ ಬೀಜ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಮಕ್ಕಳ ಕೈಯಲ್ಲಿ ಒಡೆಸಬೇಡಿ.

ಹಲಸು ಮತ್ತು ಸೀತಾಫಲವನ್ನು ಒಟ್ಟಿಗೆ ಇಡಿ. ಸೀತಾಫಲ ಒಂದೇ ಹೂವಿನ ಅನೇಕ ಅಂಡಾಶಯಗಳಿಂದ ಆದದ್ದು. ಹಲಸು ಒಂದು ಹೂಗೊಂಚಲಿನ ನೂರಾರು ಹೂಗಳು ಸೇರಿ ಆದದ್ದು, ಮೇಲಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ. ತೊಳೆಯಾಗಿ ಬಲಿತದ್ದು ಗರ್ಭಕಟ್ಟಿದ ಹೂವಿನ ಹೊರದಳ, ತೊಳೆಗಳ ನಡುವಿನ ನಾರುಪಟ್ಟಿಗಳು ಗರ್ಭಕಟ್ಟದ ಹೂಗಳು. ಪರಾಗಸ್ಪರ್ಶ ಕಡಿಮೆಯಾದ ಹಲಸಿನಲ್ಲಿ ನಾರೇ ಹೆಚ್ಚು, ಆಕಾರವೂ ಸೊಟ್ಟ.

ಸಾಂಬಾರಪುಡಿ

ಮಸಾಲೆ ಡಬ್ಬಿಯನ್ನು ಮರೆಯಬೇಡಿ. ಕೊತ್ತಂಬರಿ "ಬೀಜ", ಜೀರಿಗೆ, ಸೋಂಪು ಇವು ಒಣಹಣ್ಣುಗಳು. ಕೊತ್ತಂಬರಿಯ ಒಂದು ಗುಂಡಿನಲ್ಲಿ ಎರಡು ಬೀಜ. ಅದಕ್ಕೇ ಬಿತ್ತುವ ಮೊದಲು ನೆಲಕ್ಕೆ ಹಾಕಿ ಉಜ್ಜಿ ಎರಡು ಹೋಳು ಮಾಡುತ್ತಾರೆ. ಪುಡಿಯಾಗುವಷ್ಟು ಉಜ್ಜಿದರೆ ಭ್ರೂಣ ಸಾಯುತ್ತದೆ. ಲವಂಗ ಅರಳದ ಹೂಮೊಗ್ಗು. ಏಲಕ್ಕಿ ಸಿಪ್ಪೆ ಹಣ್ಣಿನ ಗೋಡೆ, ಕರಿಕಾಳು ಬೀಜ. ಚಕ್ಕೆ ತೊಗಟೆ. ಜಾಪತ್ರೆ ಜಾಯಿಕಾಯಿ ಬೀಜದ ಮೇಲಿನ ಹೊದಿಕೆ. ಕಲ್ಲುಹೂವು ಹೂವೂ ಅಲ್ಲ, ಗಿಡವೂ ಅಲ್ಲ: ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಕೂಡಿ ಬಾಳುವ ಕಲ್ಲುಹಾವಸೆ. ಸಹಜೀವನ ಎಂಬ ಪದಕ್ಕೆ ಅಡುಗೆಮನೆಯಲ್ಲೇ ಸಿಗುವ ಮಾದರಿ.

ಹಿತ್ತಲಪಾಠ

ಏಕದಳ, ದ್ವಿದಳಕ್ಕೆ ಕಾಳು ಮೊಳಕೆ ಕಟ್ಟುವ ಪಾಠ ಇದೆ. ಒಂದು ತೊಂದರೆ: ಅವರೆಯ ಬೀಜದಳ ಮಣ್ಣಿನ ಮೇಲೆ ಬರುತ್ತದೆ, ಕಡಲೆಯದು ಬರುವುದಿಲ್ಲ. "ನಮ್ಮ ಕಡಲೆ ಹಾಳಾಯಿತು" ಎಂದು ಮಕ್ಕಳು ಕಿತ್ತೆಸೆಯುತ್ತಾರೆ.

ಬಾಳೆದಿಂಡು

ಎರಡೂ ಸರಿಯಾದ ಮೊಳೆಯುವಿಕೆಯೇ. ಅವರೆ, ಹೆಸರು, ಅಲಸಂದೆ, ಹುರುಳಿ: ಬೀಜದಳದ ಕೆಳಗಿನ ಕಾಂಡ ಉದ್ದವಾಗಿ, ಬಾಗಿದ ಕೊಕ್ಕೆಯಾಗಿ ಬೀಜದಳವನ್ನು ಮೇಲಕ್ಕೆಳೆದು ತರುತ್ತದೆ. ಕಡಲೆ, ತೊಗರಿ, ಬಟಾಣಿ: ಬೀಜದಳದ ಮೇಲಿನ ಕಾಂಡ ಬೆಳೆಯುತ್ತದೆ, ಬೀಜದಳ ಮಣ್ಣಲ್ಲೇ ಉಳಿದು ಬರಿದಾಗುತ್ತದೆ. ಹೆಸರು ಮತ್ತು ತೊಗರಿಯನ್ನು ಗಾಜಿನ ಲೋಟದ ಗೋಡೆಗೆ ಒತ್ತಿ, ನಡುವೆ ಒದ್ದೆ ಕಾಗದ ತುಂಬಿ ಅಕ್ಕಪಕ್ಕ ಬೆಳೆಸಿ. ಒಂದು ವಾರದಲ್ಲಿ ವ್ಯತ್ಯಾಸ ಕಣ್ಣೆದುರಿಗೆ ಬರುತ್ತದೆ.

ಎಂಟರಿಂದ ಹತ್ತು ಗಂಟೆ ನೆನೆಸಿದರೆ ಸಾಕು. ಲೋಟದ ತಳದಲ್ಲಿ ಒಂದು ಬೆರಳು ನೀರು ಇರಲಿ, ಕಾಳು ಮುಳುಗಬಾರದು. ಮುಳುಗಿದ ಕಾಳಿಗೆ ಆಮ್ಲಜನಕ ಸಿಗದೆ ಹುಳಿವಾಸನೆ ಬಂದು ಕೊಳೆಯುತ್ತದೆ. ಹೆಚ್ಚು ನೀರು ಒಳ್ಳೆಯದು ಎಂದುಕೊಳ್ಳುವುದರಿಂದಲೇ ಹೆಚ್ಚಿನ ಪ್ರಯೋಗಗಳು ಕೆಡುತ್ತವೆ.

ತೊಗರಿಬೇಳೆ ಯಾಕೆ ಮೊಳೆಯುವುದಿಲ್ಲ ಎಂದೂ ಕೇಳಿಸಿ. ಒಂದು ಬೇಳೆ ಎಂದರೆ ಒಂದು ಬೀಜದಳ. ಸಿಪ್ಪೆ ತೆಗೆದು ಸೀಳುವಾಗ ಎರಡು ಬೀಜದಳಗಳ ನಡುವಿನ ಮೊಳಕೆಯ ಭಾಗ ಮುರಿದುಹೋಗಿರುತ್ತದೆ. ನೆನೆಸಿದ ಇಡೀ ತೊಗರಿಯನ್ನು ಉಗುರಲ್ಲಿ ಬಿಡಿಸಿದರೆ ಅದು ಒಂದು ಬೇಳೆಗೆ ಅಂಟಿಕೊಂಡು ಬರುತ್ತದೆ.

ಒಂದು ಎಚ್ಚರಿಕೆ: ದ್ವಿದಳ ಎಂದರೆ ಆಹಾರವೆಲ್ಲ ಬೀಜದಳದಲ್ಲೇ ಎಂದು ಬರೆಸಬೇಡಿ. ಹರಳು ದ್ವಿದಳವೇ ಆದರೂ ಆಹಾರ ಇರುವುದು ಭ್ರೂಣಾಹಾರದಲ್ಲಿ, ಅದರ ಬೀಜದಳ ಕಾಗದದಷ್ಟು ತೆಳು. ಹರಳುಬೀಜ ವಿಷ, ಶಿಕ್ಷಕರೇ ಸೀಳಿ ತೋರಿಸಿ ಎಣಿಸಿ ವಾಪಸ್ ಇಟ್ಟುಕೊಳ್ಳಲಿ.

ಮಸೂರ

ಸೂಕ್ಷ್ಮದರ್ಶಕಕ್ಕೆ ಎಲ್ಲರೂ ಈರುಳ್ಳಿ ಪೊರೆಯನ್ನೇ ಹಿಡಿಯುತ್ತಾರೆ. ಕೋಶಭಿತ್ತಿ, ಕೋಶಕೇಂದ್ರಕ್ಕೆ ಅದು ಚೆನ್ನ, ಆದರೆ ಒಳಪದರದ ಪೊರೆಯಲ್ಲಿ ಹರಿತ್ತು ಇಲ್ಲ, ಪತ್ರರಂಧ್ರವೂ (ಎಲೆಯ ಮೈಯಲ್ಲಿ ಗಾಳಿಯಾಡುವ ಸಣ್ಣ ತೂತು) ಇಲ್ಲ. ಅವನ್ನು ಅಲ್ಲಿ ಹುಡುಕಿಸಿ ಮಕ್ಕಳನ್ನು ದಣಿಸಬೇಡಿ.

ಉದ್ಯಾನಗಳ ಅಂಚಿನಲ್ಲಿ ಸಾಲಾಗಿ ನೆಡುವ ರಿಯೋ ಗಿಡ, ಎಲೆಯ ಮೇಲ್ಭಾಗ ಹಸಿರು, ಅಡಿ ನೇರಳೆ, ಇದಕ್ಕೆ ಎಲ್ಲಕ್ಕಿಂತ ಉತ್ತಮ. ಎಲೆಯನ್ನು ಓರೆಯಾಗಿ ಹರಿದರೆ ಅಂಚಿನಲ್ಲಿ ನೇರಳೆ ಪೊರೆಯೊಂದು ಉಳಿಯುತ್ತದೆ. ಅದನ್ನು ನೀರಹನಿಯಲ್ಲಿ ಹಾಸಿ ನೂರು ಪಟ್ಟಿನಲ್ಲಿ ನೋಡಿ. ನೇರಳೆ ಜೀವಕೋಶಗಳ ನಡುವೆ ಅಲ್ಲಲ್ಲಿ ಹಸಿರು ಜೋಡಿಗಳು: ಅವೇ ಪತ್ರರಂಧ್ರದ ಕಾವಲು ಕೋಶಗಳು. ಬಣ್ಣ ಹಾಕುವ ಕೆಲಸವೇ ಇಲ್ಲ. ಇದರ ರಸ ಕೆಲವರಿಗೆ ತುರಿಕೆ ತರುತ್ತದೆ, ಕೈ ತೊಳೆಯಿಸಿ.

ಅದೇ ಪೊರೆಯಲ್ಲಿ ಅಭಿಸರಣೆಯನ್ನೂ, ಅಂದರೆ ನೀರು ಪೊರೆಯ ಮೂಲಕ ಉಪ್ಪು ಹೆಚ್ಚಿರುವ ಕಡೆಗೆ ಸರಿಯುವುದನ್ನೂ, ತೋರಿಸಬಹುದು. ಹತ್ತು ಗ್ರಾಂ ಉಪ್ಪನ್ನು ನೂರು ಮಿಲಿಲೀಟರ್ ನೀರಲ್ಲಿ ಕರಗಿಸಿ. ಮುಚ್ಚುಗಾಜಿನ ಒಂದು ಬದಿಗೆ ಒಂದು ಹನಿ ಬಿಟ್ಟು, ಎದುರು ಬದಿಗೆ ಹೀರುಕಾಗದ ತಾಗಿಸಿ. ಕೆಲವೇ ನಿಮಿಷಗಳಲ್ಲಿ ನೇರಳೆ ಭಾಗ ಕೋಶಭಿತ್ತಿಯನ್ನು ಬಿಟ್ಟು ಒಳಕ್ಕೆ ಕುಗ್ಗುತ್ತದೆ, ಭಿತ್ತಿ ಇದ್ದ ಹಾಗೇ ನಿಲ್ಲುತ್ತದೆ. ಅಲ್ಲಿಗೆ ಭಿತ್ತಿ ಬೇರೆ, ಕೋಶಪೊರೆ ಬೇರೆ ಎಂಬುದೂ ಒಟ್ಟಿಗೇ ತಿಳಿಯಿತು. ತಕ್ಷಣ ಇದೇ ರೀತಿ ಶುದ್ಧ ನೀರು ಹಾಯಿಸಿದರೆ ಮತ್ತೆ ಉಬ್ಬುತ್ತದೆ. ಹೆಚ್ಚು ಹೊತ್ತು ಉಪ್ಪಲ್ಲಿ ಬಿಟ್ಟರೆ ಜೀವಕೋಶ ಸತ್ತು ಬಣ್ಣ ಸೋರುತ್ತದೆ, ವಾಪಸ್ ಬರುವುದಿಲ್ಲ. ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟ ಜಾಡಿಯಲ್ಲಿ ಮರುದಿನ ನೀರು ನಿಲ್ಲುವುದಕ್ಕೂ ಇದೇ ಕಾರಣ.

ವಿನೆಗರ್‌ನಲ್ಲಿ ಮೊಟ್ಟೆಯ ಚಿಪ್ಪು ಕರಗಿಸಿ ಅಭಿಸರಣೆ ತೋರಿಸುವವರು ಒಂದು ಮಾತು ಸೇರಿಸಬೇಕು: ಉಳಿಯುವ ಪೊರೆ ಚಿಪ್ಪಿನೊಳಗಿನ ಹೊದಿಕೆ, ಕೋಶಪೊರೆ ಅಲ್ಲ. ಅರೆಪಾರಕ ಪೊರೆಯಂತೆ ವರ್ತಿಸುತ್ತದೆ ಅಷ್ಟೇ.

ಎಲೆಹುಳಿ

ಕಾಡುಬಸಳೆ ಎಲೆಯನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ರುಚಿ ನೋಡಿಸಿದರೆ ದ್ಯುತಿಸಂಶ್ಲೇಷಣೆಯ ಒಂದು ವಿಶೇಷ ತಿಳಿಯುತ್ತದೆ. ಬೆಳಿಗ್ಗೆ ಹುಳಿ, ಸಂಜೆಗೆ ಸಪ್ಪೆ.

ಮಸೂರ

ವಿಷಯ ನಿಜ, ರುಚಿ ನೋಡಿಸುವುದು ಮಾತ್ರ ಬೇಡ. ಆ ಗಿಡದಲ್ಲಿ ಹೃದಯಕ್ಕೆ ತೊಂದರೆ ಕೊಡುವ ವಸ್ತುಗಳಿವೆ, ಮೇಯ್ದ ದನಗಳು ಸತ್ತ ದಾಖಲೆಗಳಿವೆ. ಪಿಎಚ್ ಕಾಗದ ಸಾಕು. ಸೂರ್ಯೋದಯಕ್ಕೆ ಮೊದಲು ಕಿತ್ತ ಎಲೆ ಒಂದು, ಬಿಸಿಲಲ್ಲಿ ದಿನ ಕಳೆದ ಎಲೆ ಒಂದು. ಎರಡನ್ನೂ ಒಂದೇ ತೂಕ, ಒಂದೇ ಅಳತೆಯ ನೀರಲ್ಲಿ ಅರೆದು ಕಾಗದ ಅದ್ದಿ. ಬೆಳಗಿನದು ಹೆಚ್ಚು ಆಮ್ಲೀಯ. ಮೋಡ ಕವಿದ ದಿನ ವ್ಯತ್ಯಾಸ ಮಸುಕಾಗುತ್ತದೆ, ಬಿಸಿಲಿನ ದಿನ ಆರಿಸಿ.

ಕಾರಣ ಇದು: ನೀರು ಉಳಿಸಲು ಈ ಗಿಡ ಪತ್ರರಂಧ್ರಗಳನ್ನು ರಾತ್ರಿ ತೆರೆದು, ಒಳಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಹಗಲಲ್ಲಿ ರಂಧ್ರ ಮುಚ್ಚಿಕೊಂಡು ಅದನ್ನೇ ಬಳಸುತ್ತದೆ. ಅನಾನಸ್, ಪಾಪಾಸುಕಳ್ಳಿಯದೂ ಇದೇ ದಾರಿ. ಬೆಳಗಿನ ಈ ಹುಳಿಯನ್ನು ಗುರುತಿಸಿ 1815ರಲ್ಲಿ ಪ್ರಕಟಿಸಿದ ಬೆಂಜಮಿನ್ ಹೇನ್ ಭಾರತದಲ್ಲಿ ಕೆಲಸ ಮಾಡಿದ ಸಸ್ಯಶಾಸ್ತ್ರಜ್ಞ, ಬೆಂಗಳೂರಿನ ಲಾಲ್‌ಬಾಗ್‌ನ ಉಸ್ತುವಾರಿಯನ್ನೂ ನೋಡಿಕೊಂಡವರು. ಇದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು.

ಅಡಿಕೆತೋಟ

ಪರಾವಲಂಬಿ ಎಂಬ ಪದಕ್ಕೆ ಮರದ ಮೇಲೆ ಬೆಳೆಯುವ ಎಲ್ಲವನ್ನೂ ಸೇರಿಸುವುದನ್ನು ನಿಲ್ಲಿಸಬೇಕು. ಸೀತಾಳೆಯ (ಆರ್ಕಿಡ್) ಬೇರು ತೊಗಟೆಯ ಮೇಲ್ಮೈಯನ್ನಷ್ಟೇ ಹಿಡಿದಿರುತ್ತದೆ. ಮಳೆ, ಗಾಳಿಯ ತೇವ, ಕೊಳೆತ ಕಸ ಅದರ ಆಹಾರ. ಮಾವಿನ ಬಂದಳಿಕೆಯದು ಹಾಗಲ್ಲ, ಅದರ ಬುಡ ಕೊಂಬೆಯ ಕಟ್ಟಿಗೆಯೊಳಗೇ ಇಳಿದಿದೆ, ಜೋಡಣೆಯ ಜಾಗ ಗಂಟಾಗಿ ಉಬ್ಬಿದೆ. ಎಲೆ ಹಸಿರಾಗಿರುವುದರಿಂದ ಆಹಾರ ತಾನೇ ತಯಾರಿಸುತ್ತದೆ, ನೀರು ಲವಣ ಕದಿಯುತ್ತದೆ: ಅರೆಪರಾವಲಂಬಿ. ಶ್ರೀಗಂಧವೂ ಅರೆಪರಾವಲಂಬಿಯೇ, ಆದರೆ ಬೇರಿನ ಮೂಲಕ. ಅದಕ್ಕೇ ಗಂಧದ ಸಸಿಯ ಪಕ್ಕದಲ್ಲಿ ತೊಗರಿಯಂಥ ಆಸರೆ ಗಿಡ ನೆಡುವುದು. ಆಸರೆ ಸಿಗದ ಸಸಿ ಹಳದಿಯಾಗಿ ಕೊರಗುತ್ತದೆ.

ಗೆಡ್ಡೆಗೆಣಸು

ಅದೇ ತೊಗರಿ, ಹುರುಳಿ, ಅಲಸಂದೆ ಬೇರುಗಂಟಿನ ಪಾಠಕ್ಕೂ ಬರುತ್ತವೆ. ಬಿತ್ತಿ 30–45 ದಿನವಾದ ಗಿಡ ತೆಗೆದುಕೊಳ್ಳಿ. ಕೀಳಬೇಡಿ, ಗಂಟುಗಳೆಲ್ಲ ಮಣ್ಣಲ್ಲೇ ಉಳಿಯುತ್ತವೆ. ಸುತ್ತ ಒಂದು ಗೇಣು ಬಿಟ್ಟು ಅಗೆದು ಬಕೆಟ್ ನೀರಲ್ಲಿ ಮಣ್ಣು ಬಿಡಿಸಿ. ಗಂಟನ್ನು ಬ್ಲೇಡಿನಲ್ಲಿ ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಸಾರಜನಕ ಹಿಡಿಯುವ ಕೆಲಸ ನಡೆದಿದೆ. ಬಿಳಿ ಎಂದರೆ ಇನ್ನೂ ಆರಂಭವಾಗಿಲ್ಲ ಅಥವಾ ನಿಷ್ಫಲ, ಹಸಿರು ಕಂದು ಎಂದರೆ ಮುಗಿದಿದೆ. ಟೊಮೆಟೊ, ಬೆಂಡೆಯ ಬೇರಲ್ಲೂ ಗಂಟು ಕಂಡು ಮಕ್ಕಳು ಖುಷಿಪಡಬಹುದು. ಅದು ಜಂತುಹುಳುವಿನ ರೋಗ. ಬೇರೇ ಊದಿರುತ್ತದೆ, ಉಗುರಿನಿಂದ ಬಿಡಿಸಲು ಬಾರದು. ದ್ವಿದಳದ ಗಂಟು ಬೇರಿನ ಪಕ್ಕಕ್ಕೆ ಅಂಟಿರುತ್ತದೆ, ಸುಲಭವಾಗಿ ಕಳಚುತ್ತದೆ.

ಹಿತ್ತಲಪಾಠ

ಗಿಡಗಳದು ಸಾಕಷ್ಟಾಯಿತು. ಪ್ರಾಣಿಗಳಿಗೂ ಇಂಥ ಗುರುತುಗಳು ಬೇಕು. ರೂಪಾಂತರಕ್ಕೆ ರೇಷ್ಮೆಹುಳು ತರಿಸಬಹುದೇ?

ಚಂದ್ರಿಕೆ

ತರಿಸಬಹುದು. ಮೊಟ್ಟೆಯಿಂದ ಶುರು ಮಾಡಬೇಡಿ, ಮರಿಹುಳು ಬಹಳ ನಾಜೂಕು. ಮೂರನೇ ಜ್ವರ ಎದ್ದ ಹುಳು ಹತ್ತಿಪ್ಪತ್ತು ಸಾಕು. ಬೆಳೆಗಾರರು ಜ್ವರ ಎನ್ನುವುದು ಪೊರೆ ಕಳಚುವ ಅವಧಿಗೆ. ನಾಲ್ಕು ಸಲ ಕಳಚುವುದರಿಂದ ಹುಳುವಿನ ಜೀವನ ಐದು ಹಂತ. ಜ್ವರದಲ್ಲಿ ಹುಳು ತಲೆ ಎತ್ತಿ ಸುಮಾರು ಒಂದು ದಿನ ಮಿಸುಕದೆ ಕೂರುತ್ತದೆ. ಸತ್ತಿತೆಂದು ಎತ್ತಿ ಎಸೆಯಬೇಡಿ, ಮುಟ್ಟಬೇಡಿ, ಸೊಪ್ಪು ಹಾಕಬೇಡಿ. ಎಲ್ಲ ಎದ್ದ ಮೇಲೆ ಸೊಪ್ಪು ಕೊಡಿ. ಹಿಪ್ಪುನೇರಳೆ ಸೊಪ್ಪಿನ ಮೇಲೆ ನೀರು ನಿಂತಿರಬಾರದು, ಔಷಧಿ ಹೊಡೆದ ಹೊಲದ ಪಕ್ಕದ್ದಾಗಬಾರದು. ಒಮ್ಮೆ ತಂದ ವಿಷದ ಸೊಪ್ಪು ಒಂದೇ ದಿನದಲ್ಲಿ ಎಲ್ಲವನ್ನೂ ಕೊಲ್ಲುತ್ತದೆ.

ಐದನೇ ಹಂತ ಏಳೆಂಟು ದಿನ. ಮೈ ಪಾರದರ್ಶಕ ಹಳದಿಗೆ ತಿರುಗಿ ತಲೆ ಆಡಿಸತೊಡಗಿದರೆ ಹಣ್ಣಾಯಿತು ಎಂದರ್ಥ. ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆ, ಇಲ್ಲದಿದ್ದರೆ ಮೊಟ್ಟೆ ಇಡುವ ಕಾಗದದ ಟ್ರೇ ಕುಳಿಗಳಲ್ಲಿ ಬಿಡಿ. ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತದೆ. ಗೂಡು ಮತ್ತು ಕೋಶ (ಪ್ಯೂಪಾ) ಒಂದೇ ಎಂದು ಮಕ್ಕಳು ಬರೆಯುತ್ತಾರೆ. ಗೂಡು ನೂಲಿನ ಹೊದಿಕೆ, ಕೋಶ ಅದರೊಳಗಿನ ಜೀವಿ. ಆರು ದಿನದ ನಂತರ ಒಂದು ಗೂಡನ್ನು ತುದಿಯಲ್ಲಿ ಬ್ಲೇಡಿನಿಂದ ಹುಷಾರಾಗಿ ತೆರೆದರೆ ಕಂದು ಕೋಶ, ಪಕ್ಕದಲ್ಲೇ ಕಡೆಯ ಪೊರೆ ಎರಡೂ ಸಿಗುತ್ತವೆ. ನಿಂಬೆಗಿಡದ ಚಿಟ್ಟೆ ಗೂಡು ಕಟ್ಟುವುದಿಲ್ಲ, ಅದರ ಕೋಶ ಕಡ್ಡಿಗೆ ಬರಿಮೈಯಲ್ಲಿ ಅಂಟಿಕೊಂಡಿರುತ್ತದೆ. ಎರಡನ್ನೂ ಜೊತೆಗಿಟ್ಟರೆ ಗೊಂದಲ ತೀರುತ್ತದೆ.

ಅಪೂರ್ಣ ರೂಪಾಂತರಕ್ಕೆ ಜಿರಲೆ, ಮಿಡತೆ. ಮರಿ ದೊಡ್ಡದರಂತೆಯೇ ಇರುತ್ತದೆ, ರೆಕ್ಕೆ ಮಾತ್ರ ಇಲ್ಲ, ಕೋಶದ ಹಂತವೂ ಇಲ್ಲ. ಅಪರೂಪಕ್ಕೆ ಕಾಣುವ ಬಿಳಿ ಜಿರಲೆ ಬೇರೆ ಜಾತಿಯಲ್ಲ, ಈಗಷ್ಟೇ ಪೊರೆ ಕಳಚಿದ್ದು. ಕೆಲವು ಗಂಟೆಗಳಲ್ಲಿ ಹೊಸ ಕವಚ ಗಟ್ಟಿಯಾಗಿ ಕಂದಾಗುತ್ತದೆ.

ಮಸೂರ

ಕಾಲು ಎಣಿಸುವುದರಲ್ಲೂ ತಪ್ಪಾಗುತ್ತದೆ. ಜೇಡದ ಬಾಯಿಯ ಪಕ್ಕದ ಜೋಡಿ ಸ್ಪರ್ಶಾಂಗಗಳನ್ನು ಸೇರಿಸಿ ಹತ್ತು ಕಾಲು ಎನ್ನುತ್ತಾರೆ. ಅವನ್ನು ಬಿಟ್ಟರೆ ಎಂಟೇ. ಸಹಸ್ರಪದಿಯಲ್ಲಿ ಖಂಡಕ್ಕೆ ಎರಡು ಜೋಡಿ ಕಾಲು, ಜರಿಯಲ್ಲಿ ಒಂದು ಜೋಡಿ. ಸಹಸ್ರಪದಿಯ ಮುಂದಿನ ಕೆಲವು ಖಂಡಗಳಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ, ನಡುಮೈಯಲ್ಲಿ ಎಣಿಸಿ. ಜರಿ ಕಚ್ಚುತ್ತದೆ, ಮುಚ್ಚಿದ ಗಾಜಿನ ಬಾಟಲಿಯಲ್ಲೇ ತೋರಿಸಿ.

ಕೋಳಿಮೊಟ್ಟೆ ಒಡೆದಾಗ ಬಿಳಿ ದಾರದಂಥದ್ದನ್ನು ಮರಿ ಎನ್ನುವುದು ಇನ್ನೊಂದು. ಅದು ಹಳದಿಯನ್ನು ನಡುವೆ ಹಿಡಿದಿಡುವ ಲೋಳೆಯ ಹುರಿ, ಎರಡು ಬದಿಗೂ ಇರುತ್ತದೆ. ಮರಿಯಾಗಬಹುದಾದ ಜಾಗ ಹಳದಿಯ ಮೇಲಿನ ಎರಡು ಮೂರು ಮಿಲಿಮೀಟರಿನ ಬಿಳಿ ಚುಕ್ಕೆ. ಫಾರಂ ಮೊಟ್ಟೆಯಲ್ಲಿ ಅದು ನಿಷೇಚನಗೊಂಡಿರುವುದಿಲ್ಲ. ತಟ್ಟೆಗೆ ಒಡೆದು ಹಾಕಿದಾಗ ಚುಕ್ಕೆ ಕಾಣದಿದ್ದರೆ ಅಡಿಗಾಗಿರುತ್ತದೆ, ಚಮಚದ ಬೆನ್ನಿನಿಂದ ಹಳದಿಯನ್ನು ಮೆಲ್ಲನೆ ಹೊರಳಿಸಿ.

ಹಿತ್ತಲಪಾಠ

ಸೊಳ್ಳೆಮರಿ ಸಾಕಿ ತೋರಿಸಬಹುದೇ? ಮಳೆಗಾಲದಲ್ಲಿ ಎಲ್ಲ ಕಡೆ ಸಿಗುತ್ತದೆ.

ಚಂದ್ರಿಕೆ

ಬಾಯಿಗೆ ಸೊಳ್ಳೆಪರದೆ ಬಟ್ಟೆಯನ್ನು ರಬ್ಬರ್‌ಬ್ಯಾಂಡ್‌ನಿಂದ ಬಿಗಿದ ಬಾಟಲಿಯಾದರೆ ಮಾತ್ರ. ನೀರಿನ ಮೇಲ್ಮೈಗೆ ಸಮಾಂತರವಾಗಿ ಮಲಗಿದ ಮರಿ ಅನಾಫಿಲಿಸ್, ಉಸಿರುಕೊಳವೆ ಮೇಲೆ ಮಾಡಿ ತಲೆ ಕೆಳಗಾಗಿ ಓರೆಯಾಗಿ ತೂಗುವುದು ಕ್ಯೂಲೆಕ್ಸ್ ಅಥವಾ ಈಡಿಸ್. ಅಲ್ಪವಿರಾಮದ ಆಕಾರದ ಕೋಶಗಳು ಕಂಡ ದಿನವೇ ನೋಡುವುದನ್ನು ಮುಗಿಸಿ, ಒಂದೆರಡು ದಿನದಲ್ಲಿ ಅವು ಸೊಳ್ಳೆಯಾಗುತ್ತವೆ. ನೀರನ್ನು ಚರಂಡಿಗೆ ಸುರಿಯಬೇಡಿ, ಬಿಸಿಲಿಗೆ ಕಾದ ಒಣ ಮಣ್ಣಿನ ಮೇಲೆ ಚೆಲ್ಲಿ. ಈಡಿಸ್ ಮೊಟ್ಟೆಗಳು ಒಣಗಿದರೂ ಸಾಯದೆ ಬಾಟಲಿಯ ಗೋಡೆಗೆ ಅಂಟಿರುತ್ತವೆ, ಹಾಗಾಗಿ ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಿ ಬಿಸಿನೀರಿನಲ್ಲಿ ತೊಳೆದ ಮೇಲೆಯೇ ಎತ್ತಿಡಿ.